ಒಂದು ಟಿವಿ ಚಿತ್ರ, ಒಬ್ಬ ಅಪಾಚೆ ಯೋಧ ಮತ್ತು ರೈಲು ಹತ್ತಿದ ಐನೂರು ಜನ

(ಚಿತ್ರಪ್ರದರ್ಶನದ ನಂತರ ನಡೆದ ಉಪನ್ಯಾಸ ಮತ್ತು ಸಂವಾದದ ಬರಹ ರೂಪ)

ಗೆಳೆಯರೇ,

1993ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದಲ್ಲಿ ಒಬ್ಬನೇ ಮನುಷ್ಯನ ಮೇಲೆ, ಅಪಾಚೆ ಎಂಬ ಮೂಲನಿವಾಸಿ ಜನಾಂಗದ ಹತ್ತೊಂಬತ್ತನೆಯ ಶತಮಾನದ ಯೋಧ ಜೆರಾನಿಮೋನ ಮೇಲೆ, ಎರಡು ಚಿತ್ರಗಳು ಬೆನ್ನುಬೆನ್ನಿಗೆ ಬಂದವು. ಡಿಸೆಂಬರ್ 5ರಂದು ಟಿಎನ್‌ಟಿ ಕೇಬಲ್ ವಾಹಿನಿಯಲ್ಲಿ ‘ಜೆರಾನಿಮೋ’ ಎಂಬ ಟಿವಿ ಚಿತ್ರ ಪ್ರಸಾರವಾಯಿತು. ಐದು ದಿನಗಳಲ್ಲಿ ವಾಲ್ಟರ್ ಹಿಲ್ ನಿರ್ದೇಶನದ ‘ಜೆರಾನಿಮೋ: ಆ್ಯನ್ ಅಮೆರಿಕನ್ ಲೆಜೆಂಡ್’ ಚಿತ್ರಮಂದಿರಗಳಿಗೆ ಬಂದಿತು. ಎರಡನೆಯದರಲ್ಲಿ ಜೀನ್ ಹ್ಯಾಕ್‌ಮನ್ ಇದ್ದರು, ರಾಬರ್ಟ್ ಡುವಾಲ್ ಇದ್ದರು, ಇನ್ನೂ ಹೆಸರು ಮಾಡಿರದ ಮ್ಯಾಟ್ ಡೇಮನ್ ಇದ್ದರು. ದೊಡ್ಡ ಪರದೆ, ದೊಡ್ಡ ಹಣ, ದೊಡ್ಡ ಪ್ರಚಾರ. ಮೊದಲನೆಯದನ್ನು ಜನ ತಮ್ಮ ಮನೆಯ ಟಿವಿಯಲ್ಲಿ ನೋಡಿದರು, ಬಹುಮಟ್ಟಿಗೆ ಮರೆತೂಬಿಟ್ಟರು. ಇವತ್ತು ನಾವು ಕೂಡಿ ನೋಡಿದ್ದು ಆ ಮರೆತ ಚಿತ್ರವನ್ನು. ರೋಜರ್ ಯಂಗ್ ಅದರ ನಿರ್ದೇಶಕರು, ಜೆ.ಟಿ. ಆ್ಯಲನ್ ಚಿತ್ರಕಥೆ ಬರೆದವರು.

ಎರಡರಲ್ಲಿ ಯಾವುದು ಹೆಚ್ಚು ಚೆನ್ನಾಗಿದೆ ಎಂದು ಕೇಳಿದರೆ ಕಸುಬಿನ ದೃಷ್ಟಿಯಿಂದ ಹಿಲ್ ಅವರ ಚಿತ್ರವೇ ಎಂದು ಒಪ್ಪುತ್ತೇನೆ. ಅದರಲ್ಲಿ ಜೆರಾನಿಮೋ ಆಗಿರುವ ವೆಸ್ ಸ್ಟೂಡಿ ಚೆರೊಕೀ ಜನಾಂಗದ ಅದ್ಭುತ ನಟ. ಆದರೆ ಆ ಕಥೆಯನ್ನು ಹೇಳುತ್ತಿರುವವರು ಯಾರು? ಬ್ರಿಟನ್ ಡೇವಿಸ್ ಎಂಬ ತರುಣ ಸೇನಾಧಿಕಾರಿ. ಕಥೆ ಸುತ್ತುವುದು ಲೆಫ್ಟಿನೆಂಟ್ ಚಾರ್ಲ್ಸ್ ಗೇಟ್‌ವುಡ್ ಎಂಬ ಇನ್ನೊಬ್ಬ ಸೇನಾಧಿಕಾರಿಯ ಸುತ್ತ. ಬೇಟೆಗೆ ಹೊರಟವನ ಮನಸ್ಸಿಗೆ ಎಷ್ಟು ನೋವಾಯಿತು ಎನ್ನುವುದು ಅಲ್ಲಿನ ವಿಷಯ. ಜೆರಾನಿಮೋ ಆ ನೋವಿಗೆ ಕಾರಣನಾದವನಾಗಿ ಬಂದು ಹೋಗುತ್ತಾನೆ. ಟಿವಿ ಚಿತ್ರ ಹಾಗೆ ಮಾಡಿಲ್ಲ. ಅದು ಹುಡುಗನೊಬ್ಬನಿಂದ ಮುದುಕನವರೆಗಿನ ಒಂದು ಅಪಾಚೆ ಬದುಕನ್ನು ನಡುವಿಗೆ ತಂದಿದೆ. ಬಾಲ್ಯಕ್ಕೊಬ್ಬ, ಯೌವನಕ್ಕೊಬ್ಬ, ಮುಪ್ಪಿಗೊಬ್ಬ ನಟ. ಮೂವರು ಸೇರಿ ಒಬ್ಬ ಮನುಷ್ಯ. ಅವನಿಗೆ ತಾಯಿ ಇದ್ದಾಳೆ, ಹೆಂಡತಿ ಇದ್ದಾಳೆ, ಹಿರಿಯರು ಇದ್ದಾರೆ, ಗೆಳೆಯರು ಇದ್ದಾರೆ. ಕುದುರೆ ಏರಿ ಬಂದೂಕು ಹಿಡಿಯುವುದಕ್ಕೆ ಮುಂಚೆ ಅವನಿಗೊಂದು ಮನೆ ಇತ್ತು ಎಂಬ ಇಷ್ಟು ಸಣ್ಣ ಸತ್ಯವನ್ನು ಪರದೆಯ ಮೇಲೆ ಹೇಳುವುದಕ್ಕೆ ಹಾಲಿವುಡ್‌ಗೆ ಎಷ್ಟು ಕಾಲ ಹಿಡಿಯಿತು ಎನ್ನುವುದನ್ನು ಸ್ವಲ್ಪ ನೋಡೋಣ.

1939ರಲ್ಲಿ ‘ಜೆರಾನಿಮೋ’ ಹೆಸರಿನದೇ ಒಂದು ಚಿತ್ರ ಬಂದಿತು. ಅವನು ಅಲ್ಲಿ ಖಳನಾಯಕ. ಅದೇ ವರ್ಷದ ‘ಸ್ಟೇಜ್‌ಕೋಚ್’ ಚಿತ್ರದಲ್ಲಿ ಪ್ರಯಾಣಿಕರನ್ನು ನಡುಗಿಸಲು ಅವನ ಹೆಸರೊಂದೇ ಸಾಕಾಯಿತು. 1950ರ ‘ಬ್ರೋಕನ್ ಆ್ಯರೋ’ ಅಪಾಚೆಗಳ ಬಗ್ಗೆ ಮರುಕವಿದ್ದ ಚಿತ್ರ ಎಂದು ಹೊಗಳಿಸಿಕೊಂಡಿತು. ಅಲ್ಲಿಯೂ ಶಾಂತಿಗೆ ಒಪ್ಪಿದ ಅಪಾಚೆ ಮುಖ್ಯಸ್ಥ ಕೊಚೀಸ್ ಒಳ್ಳೆಯವನು, ಒಪ್ಪದ ಜೆರಾನಿಮೋ ಕೆಟ್ಟವನು. 1962ರಲ್ಲಿ ಮತ್ತೆ ಅವನ ಹೆಸರಿನಲ್ಲಿ ಚಿತ್ರ ಬಂದಾಗ ನಾಯಕನ ಪಟ್ಟವೇನೋ ಸಿಕ್ಕಿತು. ಪಾತ್ರ ಮಾಡಿದವರು ಮಾತ್ರ ಚಕ್ ಕಾನರ್ಸ್ ಎಂಬ ನೀಲಿ ಕಣ್ಣಿನ, ಆರೂವರೆ ಅಡಿಯ ಹತ್ತಿರದ ಬಿಳಿಯ ನಟ. ಈ ಸಾಲಿನ ಮುಂದೆ ಇಟ್ಟು ನೋಡಿದಾಗ 1993ರ ಟಿವಿ ಚಿತ್ರದ ಪಾತ್ರಹಂಚಿಕೆಯೇ ಒಂದು ದೊಡ್ಡ ನಡೆ. ಜೋಸೆಫ್ ರನ್ನಿಂಗ್‌ಫಾಕ್ಸ್ ಜೆರಾನಿಮೋ ಆಗಿದ್ದಾರೆ. ಕೊಚೀಸ್ ಆಗಿ ಆಗಸ್ಟ್ ಶೆಲೆನ್‌ಬರ್ಗ್, ಜೂ ಎಂಬ ನಾಯಕನಾಗಿ ಮೈಕಲ್ ಗ್ರೇಐಸ್, ಮುದುಕ ಜೆರಾನಿಮೋ ಆಗಿ ಜಿಮ್ಮಿ ಹರ್ಮನ್. ಗ್ರೇಐಸ್ ಕ್ರೀ ಜನಾಂಗದವರು, ಕೆನಡಾದ ರಾಷ್ಟ್ರೀಯ ಬ್ಯಾಲೆ ತಂಡದಲ್ಲಿ ನರ್ತಕರಾಗಿದ್ದವರು. ಅವರು ನಿಲ್ಲುವ, ತಿರುಗುವ ರೀತಿಯಲ್ಲೇ ಅದು ಕಾಣುತ್ತದೆ. ಹರ್ಮನ್ ಕೆನಡಾದ ಡೆನೆ ಜನಾಂಗದವರು. ಇಲ್ಲೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅಪಾಚೆಗಳ ನುಡಿ ಅಥಬಾಸ್ಕನ್ ಕುಟುಂಬಕ್ಕೆ ಸೇರಿದ್ದು. ಅದರ ಅಕ್ಕತಂಗಿಯರಾದ ನುಡಿಗಳು ಈಗಲೂ ಕೆನಡಾದ ಉತ್ತರದ ಕಾಡುಗಳಲ್ಲಿವೆ, ಡೆನೆಯೂ ಅವುಗಳಲ್ಲಿ ಒಂದು. ಶತಮಾನಗಳ ಹಿಂದೆ ದಕ್ಷಿಣದ ಮರುಭೂಮಿಗೆ ಇಳಿದು ಬಂದ ಬಳಗದ ಒಬ್ಬ ಹಿರಿಯನ ಪಾತ್ರವನ್ನು ಉತ್ತರದಲ್ಲೇ ಉಳಿದ ಬಳಗದ ಒಬ್ಬರು ವಹಿಸಿದ್ದಾರೆ.

ಈ ಚಿತ್ರ ಹುಟ್ಟಿದ ಹಿನ್ನೆಲೆಯನ್ನೂ ಹೇಳಬೇಕು. ಟಿಎನ್‌ಟಿ ವಾಹಿನಿಯನ್ನು ಕಟ್ಟಿದ ಟೆಡ್ ಟರ್ನರ್ ಅವರೇ ಆಗ ಅಟ್ಲಾಂಟಾ ಬ್ರೇವ್ಸ್ ಎಂಬ ಬೇಸ್‌ಬಾಲ್ ತಂಡದ ಮಾಲೀಕರು. ಆ ತಂಡದ ಅಭಿಮಾನಿಗಳು ಕೈಯನ್ನು ಕೊಡಲಿಯ ಹಾಗೆ ಬೀಸುತ್ತ ಕೂಗುವ ಪದ್ಧತಿಯನ್ನು ವಿರೋಧಿಸಿ 1991ರ ವಿಶ್ವ ಸರಣಿಯ ಹೊತ್ತಿಗೆ ಮೂಲನಿವಾಸಿ ಸಂಘಟನೆಗಳು ಮೈದಾನದ ಹೊರಗೆ ಪ್ರತಿಭಟಿಸಿದ್ದವು. ಅದಾಗಿ ಎರಡು ವರ್ಷಕ್ಕೆ ಟರ್ನರ್ ಅವರ ವಾಹಿನಿ ಮೂಲನಿವಾಸಿಗಳ ಇತಿಹಾಸದ ಮೇಲೆ ಚಿತ್ರಮಾಲಿಕೆ ಶುರುಮಾಡಿತು. ಮೊದಲು ಬಂದದ್ದು ಇದು. ಆಮೇಲೆ ಟೆಕಮ್ಸೆ, ಕ್ರೇಜಿ ಹಾರ್ಸ್ ಮೊದಲಾದವರ ಬಗೆಗಿನ ಚಿತ್ರಗಳು ಬಂದವು. ಒಂದು ಪ್ರತಿಭಟನೆಯಿಂದ ನೇರವಾಗಿ ಒಂದು ಚಿತ್ರ ಹುಟ್ಟಿತು ಎಂದು ನಾನು ಹೇಳುವುದಿಲ್ಲ. ಆದರೆ ಆ ವರ್ಷಗಳ ಗಾಳಿಯಲ್ಲಿ ಈ ಪ್ರಶ್ನೆ ಇತ್ತು: ನಮ್ಮ ಕಥೆಯನ್ನು ಯಾರು ಹೇಳುತ್ತಾರೆ, ನಮ್ಮ ಹೆಸರನ್ನು ಯಾರು ಬಳಸುತ್ತಾರೆ?

ಈಗ ಬದುಕಿಗೆ ಬರೋಣ. ಚಿತ್ರದಲ್ಲಿ ನೋಡಿದ್ದನ್ನು ಮತ್ತೆ ಒಪ್ಪಿಸುವುದಿಲ್ಲ; ಚಿತ್ರ ಬೇಗ ದಾಟಿಕೊಂಡು ಹೋದ ಕಡೆ ನಿಲ್ಲುತ್ತೇನೆ.

ಜೆರಾನಿಮೋನ ಅಪಾಚೆ ಹೆಸರು ಗೋಯಾಕ್ಲಾ. ತಾನು 1829ರ ಜೂನ್‌ನಲ್ಲಿ ಹುಟ್ಟಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಅದಕ್ಕಿಂತ ಕೆಲವು ವರ್ಷ ಹಿಂದೆ ಎನ್ನುವ ವಿದ್ವಾಂಸರೂ ಇದ್ದಾರೆ. ಹೀಲಾ ನದಿಯ ಮೇಲ್ಭಾಗದ ಕಣಿವೆ ಅವನ ತವರು. ಆಗ ಅದು ಮೆಕ್ಸಿಕೋಗೆ ಸೇರಿದ ನೆಲ ಎಂದು ಭೂಪಟ ಹೇಳುತ್ತಿತ್ತು, ಆಮೇಲೆ ಅಮೆರಿಕದ್ದು ಎಂದಿತು. ಅಲ್ಲಿ ಬಾಳುತ್ತಿದ್ದ ಚಿರಿಕಾವಾ ಅಪಾಚೆಗಳನ್ನು ಎರಡು ಸಲವೂ ಯಾರೂ ಕೇಳಲಿಲ್ಲ. ಚಿರಿಕಾವಾಗಳಲ್ಲಿ ಬೆಡೊಂಕೊಹೆ ಎಂಬ ಸಣ್ಣ ಪಂಗಡ ಅವನದು. ಆಲೋಪೆ ಎಂಬ ಹುಡುಗಿಯನ್ನು ಮದುವೆಯಾದ, ಮೂರು ಮಕ್ಕಳಾದರು.

1851ರ ಮಾರ್ಚ್‌ನಲ್ಲಿ, ಮೆಕ್ಸಿಕೋದ ಚಿವಾವಾ ಪ್ರಾಂತದ ಹಾನೋಸ್ ಎಂಬ ಊರಿನ ಬಳಿ ಅಪಾಚೆಗಳು ಬೀಡುಬಿಟ್ಟಿದ್ದರು. ಊರಿನವರೊಂದಿಗೆ ಅವರಿಗೆ ಶಾಂತಿ ಇತ್ತು, ವ್ಯಾಪಾರ ಇತ್ತು. ಗಂಡಸರು ಊರೊಳಗೆ ಹೋದಾಗ ಪಕ್ಕದ ಸೊನೋರಾ ಪ್ರಾಂತದ ಕರ್ನಲ್ ಹೋಸೆ ಮರಿಯಾ ಕರಾಸ್ಕೋ ತನ್ನ ಪಡೆಯೊಂದಿಗೆ ಬೀಡಿನ ಮೇಲೆ ಬಿದ್ದ. ಗೋಯಾಕ್ಲಾನ ತಾಯಿ, ಹೆಂಡತಿ, ಮೂರೂ ಮಕ್ಕಳು ಸತ್ತರು. ಈ ಘಟನೆ ಅವನ ಬಗೆಗಿನ ಚಿತ್ರಗಳಲ್ಲಿ ಬರಲೇಬೇಕು. ಅವನ ಇಡೀ ಬದುಕು ಅಲ್ಲಿಂದ ತಿರುಗಿತು. ಆದರೆ ಸಿನಿಮಾಗಳು ಈ ಘಟನೆಯಿಂದ ಕೂಡಲೇ ಸೇಡಿಗೆ ಜಿಗಿಯುತ್ತವೆ. ಅವನೇ ಮುಪ್ಪಿನಲ್ಲಿ ಹೇಳಿ ಬರೆಸಿದ ಆತ್ಮಕಥೆಯಲ್ಲಿ ಆ ರಾತ್ರಿ ಬೇರೆಯೇ ರೀತಿ ಇದೆ. ಸುದ್ದಿ ತಿಳಿದ ಮೇಲೆ ಅವನು ನದಿಯ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ. ಆಯುಧವಿಲ್ಲ, ಕುದುರೆಗಳಿಲ್ಲ, ಶತ್ರುವಿನ ನೆಲದೊಳಗೆ ಬಹಳ ದೂರ ಬಂದಾಗಿದೆ. ಸತ್ತವರನ್ನು ಅಲ್ಲೇ ಬಿಟ್ಟು ಉತ್ತರಕ್ಕೆ ಹೊರಡಬೇಕು ಎಂದು ನಾಯಕ ಮ್ಯಾಂಗಸ್ ಕೊಲೊರಾಡಸ್ ಆಜ್ಞೆ ಮಾಡಿದ. ಎಲ್ಲರೂ ಮುಂದೆ ಹೋಗುವ ತನಕ ಗೋಯಾಕ್ಲಾ ನಿಂತೇ ಇದ್ದ. ಪ್ರಾರ್ಥಿಸಲಿಲ್ಲ, ಏನನ್ನೂ ನಿಶ್ಚಯಿಸಲಿಲ್ಲ. ಕೊನೆಗೆ ತನ್ನವರ ಹೆಜ್ಜೆಯ ಸದ್ದು ಕೇಳುವಷ್ಟೇ ದೂರವಿಟ್ಟುಕೊಂಡು ಅವರ ಹಿಂದೆ ನಡೆದ. ತವರಿಗೆ ಮರಳಿದ ಮೇಲೆ ಆಲೋಪೆ ಮಾಡಿದ್ದ ಅಲಂಕಾರಗಳು, ಮಕ್ಕಳ ಆಟದ ಸಾಮಾನುಗಳು ಕಣ್ಣಿಗೆ ಬಿದ್ದವು. ಎಲ್ಲವನ್ನೂ ಸುಟ್ಟ. ಗುಡಾರವನ್ನು ಸುಟ್ಟ. ತಾಯಿಯ ಗುಡಾರವನ್ನೂ ಸುಟ್ಟ.

ಐವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಒಬ್ಬ ಮುದುಕ ಆ ಆಟದ ಸಾಮಾನುಗಳನ್ನು ನೆನಪಿಟ್ಟುಕೊಂಡಿದ್ದಾನೆ. ವರ್ಷವನ್ನು ಅವನು ತಪ್ಪು ಹೇಳಿದ್ದಾನೆ. ಆತ್ಮಕಥೆಯಲ್ಲಿ ಅದು 1858 ಎಂದಿದೆ. ಇತಿಹಾಸಕಾರರು ಮೆಕ್ಸಿಕೋದ ಸೇನಾ ದಾಖಲೆಗಳಿಂದ 1851 ಎಂದು ತಿದ್ದಿದರು. ವರ್ಷ ಮರೆತರೂ ಆಟದ ಸಾಮಾನು ಮರೆಯದ ಈ ಸ್ಮೃತಿಯನ್ನು ನಾನು ಯಾವ ಸೇನಾ ವರದಿಗಿಂತಲೂ ಹೆಚ್ಚು ನಂಬುತ್ತೇನೆ.

ಅವನು ನಾಯಕನಾದದ್ದು ಹೇಗೆ ಎನ್ನುವ ಬಗ್ಗೆ ಬಹಳ ತಪ್ಪು ತಿಳಿವಳಿಕೆ ಇದೆ. ಜೆರಾನಿಮೋ ಎಂದೂ ಪಂಗಡದ ಮುಖ್ಯಸ್ಥನಾಗಿರಲಿಲ್ಲ. ಮುಖ್ಯಸ್ಥರು ಬೇರೆ: ಮ್ಯಾಂಗಸ್ ಕೊಲೊರಾಡಸ್, ಕೊಚೀಸ್, ಜೂ, ವಿಕ್ಟೋರಿಯೋ. ಕೊನೆಯ ದಿನಗಳಲ್ಲಿಯೂ ವಂಶದ ಹಕ್ಕಿನಿಂದ ಮುಖ್ಯಸ್ಥನಾಗಿದ್ದವನು ಕೊಚೀಸನ ಮಗ ನೈಚೆ. ಜೆರಾನಿಮೋಗಿದ್ದದ್ದು ಶಕ್ತಿ. ಅವನು ಚಿಕಿತ್ಸೆ ಮಾಡುತ್ತಿದ್ದ, ಮಂತ್ರಗೀತೆ ಹಾಡುತ್ತಿದ್ದ, ದೂರದಲ್ಲಿ ನಡೆಯುವುದು ಅವನಿಗೆ ಮುಂಚೆಯೇ ತಿಳಿಯುತ್ತಿತ್ತು ಎಂದು ಜೊತೆಗಿದ್ದವರು ನಂಬಿದ್ದರು. ಯಾವ ಬಂದೂಕೂ ನಿನ್ನನ್ನು ಕೊಲ್ಲುವುದಿಲ್ಲ ಎಂಬ ಅಭಯ ತನಗೆ ಸಿಕ್ಕಿದೆ ಎಂದು ಅವನೂ ನಂಬಿದ್ದ. ಮೈಮೇಲೆ ಗುಂಡೇಟಿನ ಕಲೆಗಳು ಹಲವಿದ್ದವು. ಅವನನ್ನು ಕೊಂದದ್ದು ಕೊನೆಗೂ ಗುಂಡಲ್ಲ. ಟಿವಿ ಚಿತ್ರ ಈ ಆಧ್ಯಾತ್ಮಿಕ ಮುಖವನ್ನು ಗೌರವದಿಂದ ಮುಟ್ಟುತ್ತದೆ ಎನ್ನುವುದು ನನಗೆ ಸಮಾಧಾನ ತಂದ ಸಂಗತಿ.

ಅಮೆರಿಕದವರ ಜೊತೆ ಹಗೆ ಬೆಳೆದ ಬಗೆಯನ್ನು ಎರಡು ಘಟನೆಗಳಲ್ಲಿ ಹೇಳಿಬಿಡಬಹುದು. 1861ರ ಫೆಬ್ರವರಿಯಲ್ಲಿ ಅಪಾಚೆ ಪಾಸ್ ಎಂಬಲ್ಲಿ ಲೆಫ್ಟಿನೆಂಟ್ ಬ್ಯಾಸ್ಕಮ್ ಮಾತುಕತೆಗೆ ಕರೆದು ಕೊಚೀಸನನ್ನು ಬಂಧಿಸಲು ನೋಡಿದ. ಕೊಚೀಸ್ ಮಾಡಿರದ ಒಂದು ಅಪಹರಣದ ಆರೋಪ ಅದಕ್ಕೆ ನೆಪ. ಕೊಚೀಸ್ ಗುಡಾರವನ್ನು ಚಾಕುವಿನಿಂದ ಸೀಳಿ ಪಾರಾದ. ಎರಡೂ ಕಡೆಯ ಒತ್ತೆಯಾಳುಗಳು ಸತ್ತರು. ಹತ್ತು ವರ್ಷಗಳ ಯುದ್ಧ ಶುರುವಾಯಿತು. 1863ರ ಜನವರಿಯಲ್ಲಿ ಮ್ಯಾಂಗಸ್ ಕೊಲೊರಾಡಸ್ ಸಂಧಾನಕ್ಕೆಂದು ಬಿಳಿ ಬಾವುಟವನ್ನು ನಂಬಿ ಬಂದ. ಸೆರೆಯಲ್ಲಿಟ್ಟು ರಾತ್ರಿ ಕೊಂದರು. ತಲೆಯನ್ನು ಕತ್ತರಿಸಿ, ಬೇಯಿಸಿ, ಬುರುಡೆಯನ್ನು ಪೂರ್ವಕ್ಕೆ ಒಬ್ಬ ಕಪಾಲ ಪರೀಕ್ಷಕನಿಗೆ ಕಳಿಸಿದರು. ತನ್ನ ಜನಕ್ಕೆ ಆದ ಅನ್ಯಾಯಗಳಲ್ಲೆಲ್ಲ ಇದೇ ಅತಿ ದೊಡ್ಡದೆಂದು ಜೆರಾನಿಮೋ ಮುಪ್ಪಿನಲ್ಲಿಯೂ ಹೇಳಿದ. ಮುಂದೆ ಅವನು ಯಾವ ಸೇನಾಧಿಕಾರಿಯ ಮಾತನ್ನೂ ಪೂರ್ತಿ ನಂಬದಿದ್ದರೆ, ಒಪ್ಪಂದ ಮಾಡಿಕೊಂಡ ರಾತ್ರಿಯೇ ಓಡಿಹೋದರೆ, ಅದಕ್ಕೆ ಕಾರಣ ಹುಡುಕಿ ಬೇರೆಲ್ಲೂ ಹೋಗಬೇಕಾಗಿಲ್ಲ.

1872ರಲ್ಲಿ ಕೊಚೀಸ್ ಜನರಲ್ ಹೋವರ್ಡ್ ಜೊತೆ ಶಾಂತಿ ಮಾಡಿಕೊಂಡ. ಚಿರಿಕಾವಾಗಳಿಗೆ ತಮ್ಮ ಬೆಟ್ಟಗಳಲ್ಲೇ ಮೀಸಲು ಪ್ರದೇಶ ಸಿಕ್ಕಿತು. ಎರಡೇ ವರ್ಷದಲ್ಲಿ ಕೊಚೀಸ್ ತೀರಿಕೊಂಡ. 1876ರಲ್ಲಿ ಸರ್ಕಾರ ಆ ಮೀಸಲನ್ನು ರದ್ದು ಮಾಡಿ ಜನರನ್ನು ಸಾನ್ ಕಾರ್ಲೋಸ್ ಎಂಬ ಬಿಸಿಲುಗಾಡಿಗೆ ಅಟ್ಟಿತು. ಬೆಟ್ಟದ ಜನರಿಗೆ ಅಲ್ಲಿ ಮಲೇರಿಯಾ, ಅರೆಹೊಟ್ಟೆಯ ಪಡಿತರ, ಹಿಂದೆ ವೈರಿಗಳಾಗಿದ್ದ ಪಂಗಡಗಳ ನೆರೆ. ಮುಂದಿನ ಹತ್ತು ವರ್ಷ ಜೆರಾನಿಮೋ ಅಲ್ಲಿಂದ ಓಡುವುದು, ಮೆಕ್ಸಿಕೋದ ಸಿಯೆರಾ ಮಾದ್ರೆ ಬೆಟ್ಟಗಳಲ್ಲಿ ಅಡಗುವುದು, ಮತ್ತೆ ಮರಳುವುದು, ಮತ್ತೆ ಓಡುವುದು.

1886ರ ಮಾರ್ಚ್ ಕೊನೆಯ ವಾರ, ಮೆಕ್ಸಿಕೋದೊಳಗಿನ ‘ಕಾನ್ಯೋನ್ ದೆ ಲೋಸ್ ಎಂಬುದೋಸ್’ ಎಂಬ ಕಣಿವೆಯಲ್ಲಿ ಅಮೆರಿಕ ಸೇನೆಯ ಜನರಲ್ ಕ್ರೂಕ್ ಮತ್ತು ಜೆರಾನಿಮೋ ಎದುರುಬದುರು ಕುಳಿತರು. ಟೂಮ್‌ಸ್ಟೋನ್ ಊರಿನ ಛಾಯಾಗ್ರಾಹಕ ಸಿ.ಎಸ್. ಫ್ಲೈ ಗಾಜಿನ ಫಲಕಗಳನ್ನು ಹೊತ್ತು ಅಲ್ಲಿಗೆ ಬಂದಿದ್ದ. ಇನ್ನೂ ಶರಣಾಗದ, ಕೈಯಲ್ಲಿ ಬಂದೂಕು ಹಿಡಿದ ಯೋಧರಿಗೆ ತುಸು ಈ ಕಡೆ ಬನ್ನಿ, ತಲೆ ಆ ಕಡೆ ತಿರುಗಿಸಿ ಎಂದು ಹೇಳಿ ಚಿತ್ರ ತೆಗೆದ. ಇವತ್ತು ಮನೆಗೆ ಹೋದ ಮೇಲೆ ನೀವೆಲ್ಲರೂ ಆ ಚಿತ್ರಗಳನ್ನು ಹುಡುಕಿ ನೋಡಬೇಕು ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿರುವ ಜನ ಬಡಕಲು, ಧೂಳು ಹಿಡಿದವರು, ಎಚ್ಚರದಿಂದಿರುವವರು. ಒಂದು ಚಿತ್ರದಲ್ಲಿ ಅಪಾಚೆ ಮಕ್ಕಳ ನಡುವೆ ಸ್ಯಾಂಟಿಯಾಗೋ ಮೆಕಿನ್ ಎಂಬ ಬಿಳಿಯ ಹುಡುಗ ಇದ್ದಾನೆ. ಆರು ತಿಂಗಳ ಹಿಂದೆ ಅವನ ಅಣ್ಣನನ್ನು ಕೊಂದು ಅವನನ್ನು ಹೊತ್ತೊಯ್ದಿದ್ದರು. ಹೆತ್ತವರ ಬಳಿಗೆ ಕಳಿಸುತ್ತೇವೆಂದಾಗ ಹೋಗಲಾರೆ ಎಂದು ಅವನು ಅತ್ತ. ಆ ಒಂದು ಫಲಕದಲ್ಲಿ ಇಡೀ ಗಡಿನಾಡಿನ ಕ್ರೌರ್ಯವೂ ಇದೆ, ಮಮತೆಯೂ ಇದೆ. ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳಲು ಅದು ಬಿಡುವುದಿಲ್ಲ. ಒಂದೂವರೆ ಎರಡು ಗಂಟೆಯ ಚಿತ್ರಕ್ಕೆ ಇದನ್ನು ಹಿಡಿಯುವುದು ಕಷ್ಟ ಎಂದು ನನಗೆ ಗೊತ್ತು. ಆದರೂ ನಾನು ಆ ಹುಡುಗನನ್ನು ಪರದೆಯ ಮೇಲೆ ಹುಡುಕುತ್ತೇನೆ.

ಆ ಮಾತುಕತೆಯಲ್ಲಿ ಜೆರಾನಿಮೋ ಶರಣಾಗುತ್ತೇನೆ ಎಂದ. ಹಿಂದೆ ಗಾಳಿಯ ಹಾಗೆ ತಿರುಗುತ್ತಿದ್ದೆ, ಈಗ ನಿನಗೆ ಶರಣಾಗಿದ್ದೇನೆ, ಇಷ್ಟೇ ಎಂದ ಅವನ ಮಾತು ಸೇನೆಯ ದಾಖಲೆಯಲ್ಲಿದೆ. ಆಮೇಲೆ ಒಬ್ಬ ವ್ಯಾಪಾರಿ ಬೀಡಿಗೆ ವಿಸ್ಕಿ ಮಾರಿದ; ಗಡಿ ದಾಟಿದರೆ ನಿಮ್ಮನ್ನು ಕೊಲ್ಲುತ್ತಾರೆ ಎಂಬ ಮಾತನ್ನೂ ಹಬ್ಬಿಸಿದ. ರಾತ್ರೋರಾತ್ರಿ ಜೆರಾನಿಮೋ, ನೈಚೆ ಮತ್ತು ಸುಮಾರು ನಲವತ್ತು ಜನ ಮತ್ತೆ ಬೆಟ್ಟ ಸೇರಿದರು. ಅವರಲ್ಲಿ ಅರ್ಧದಷ್ಟು ಹೆಂಗಸರು, ಮಕ್ಕಳು. ಕ್ರೂಕ್ ಹುದ್ದೆ ಬಿಟ್ಟ, ಜನರಲ್ ನೆಲ್ಸನ್ ಮೈಲ್ಸ್ ಬಂದ. ಐದು ಸಾವಿರ ಸೈನಿಕರು, ಅಂದರೆ ಆಗಿನ ಅಮೆರಿಕ ಸೇನೆಯ ಸುಮಾರು ಕಾಲು ಭಾಗ. ಬೆಟ್ಟದಿಂದ ಬೆಟ್ಟಕ್ಕೆ ಕನ್ನಡಿಯ ಬೆಳಕಿನಿಂದ ಸಂದೇಶ ಕಳಿಸುವ ಹೆಲಿಯೋಗ್ರಾಫ್ ಠಾಣೆಗಳ ಸಾಲು. ಗಡಿಯ ಆಚೆ ಮೆಕ್ಸಿಕೋದ ಪಡೆಗಳು ಬೇರೆ. ಐದು ತಿಂಗಳು ಇಷ್ಟೆಲ್ಲ ಮಾಡಿಯೂ ಆ ಗುಂಪನ್ನು ಹಿಡಿಯಲಾಗಲಿಲ್ಲ.

ಕೊನೆಗೆ ಅವರನ್ನು ತಲುಪಿದವರು ಮಾರ್ಟೀನ್ ಮತ್ತು ಕಾಯಿಟಾ ಎಂಬ ಇಬ್ಬರು ಚಿರಿಕಾವಾ ಸ್ಕೌಟ್‌ಗಳು, ಅಂದರೆ ಸೇನೆಗೆ ಜಾಡು ಹುಡುಕಿ ದಾರಿ ತೋರುವವರು. ಅವರ ಹಿಂದೆ ಗೇಟ್‌ವುಡ್ ಬಂದ. ಮೀಸಲಿನಲ್ಲಿ ಉಳಿದ ನಿಮ್ಮವರನ್ನೆಲ್ಲ ಫ್ಲೋರಿಡಾಕ್ಕೆ ಸಾಗಿಸುತ್ತಿದ್ದಾರೆ ಎಂದು ಗೇಟ್‌ವುಡ್ ಹೇಳಿದ. ಹೆಂಡಿರು ಮಕ್ಕಳು ಇಲ್ಲದ ಮೇಲೆ ಮರಳುವುದು ಎಲ್ಲಿಗೆ, ಯಾರಿಗಾಗಿ? ಐದು ಸಾವಿರ ಬಂದೂಕುಗಳಿಂದ ಆಗದ್ದು ಆ ಒಂದು ಸುದ್ದಿಯಿಂದ ಆಯಿತು. 1886ರ ಸೆಪ್ಟೆಂಬರ್ 4ರಂದು ಅರಿಝೋನಾದ ಸ್ಕೆಲಿಟನ್ ಕಣಿವೆಯಲ್ಲಿ ಜೆರಾನಿಮೋ ಮೈಲ್ಸ್‌ಗೆ ಶರಣಾದ. ಸ್ವಲ್ಪ ಕಾಲದಲ್ಲಿ ಕುಟುಂಬಗಳನ್ನು ಸೇರಬಹುದು ಎಂಬ ಮಾತು ಸಿಕ್ಕಿತ್ತು.

ಹೆಚ್ಚಿನ ಚಿತ್ರಗಳು ಇಲ್ಲಿಗೆ ಕಥೆ ಮುಗಿಯಿತು ಎಂದುಕೊಳ್ಳುತ್ತವೆ. ಕುದುರೆಗಳ ಓಟ ನಿಂತಿತು, ಇನ್ನೇನಿದೆ? ಟಿವಿ ಚಿತ್ರದಲ್ಲಿ ಮುದುಕನಿಗೆ ಜಾಗ ಇದೆ, ಅದಕ್ಕೆ ನಾನು ಋಣಿ. ಆದರೂ ಆ ಮುಪ್ಪು ಯುದ್ಧದ ನೆನಪಿಗೊಂದು ಚೌಕಟ್ಟಿನಂತೆ ನಿಲ್ಲುತ್ತದೆ. ನನ್ನ ಮಾತಿನ ತಿರುಳು ಇರುವುದು ಇಲ್ಲೇ: ಯುದ್ಧಕ್ಕಿಂತ ದೊಡ್ಡ ಕಥೆ ಶರಣಾಗತಿಯ ನಂತರದ್ದು, ಅದನ್ನು ಇನ್ನೂ ಯಾರೂ ಸರಿಯಾಗಿ ಚಿತ್ರ ಮಾಡಿಲ್ಲ.

ಸೆರೆಯಾದವರು ಜೆರಾನಿಮೋ ಗುಂಪಿನವರಷ್ಟೇ ಆಗಿರಲಿಲ್ಲ. 1885ರಲ್ಲಿ ಅವನು ಕೊನೆಯ ಸಲ ಮೀಸಲು ಬಿಟ್ಟು ಓಡಿದಾಗ ಚಿರಿಕಾವಾಗಳಲ್ಲಿ ಮುಕ್ಕಾಲು ಪಾಲು ಜನ ಹೋಗಲಿಲ್ಲ. ಅವರು ಹೊಲ ಉತ್ತಿದ್ದರು, ಬೆಳೆ ತೆಗೆದಿದ್ದರು. ಅನೇಕರು ಸೇನೆಯ ಸ್ಕೌಟ್‌ಗಳಾಗಿ ಸೇರಿ ಜೆರಾನಿಮೋನನ್ನೇ ಹುಡುಕಿ ಹೊರಟಿದ್ದರು. ಅವರನ್ನೂ ರೈಲಿಗೆ ಹತ್ತಿಸಿದರು. ಹಾಲ್‌ಬ್ರೂಕ್ ನಿಲ್ದಾಣದಿಂದ ರೈಲು ಹೊರಟಾಗ ಅವರ ನಾಯಿಗಳು ಮೈಲಿಗಟ್ಟಲೆ ಹಿಂದೆ ಓಡಿಬಂದವು ಎಂದು ಕಂಡವರು ಬರೆದಿದ್ದಾರೆ. ಎಲ್ಲ ಸೇರಿ ಸುಮಾರು ಐನೂರು ಜನ ಯುದ್ಧಕೈದಿಗಳಾದರು. ಮಾರ್ಟೀನ್, ಕಾಯಿಟಾ ಇಬ್ಬರೂ ಅದೇ ಸೆರೆಗೆ ಹೋದರು.

ಜೆರಾನಿಮೋ ಗುಂಪಿನ ಗಂಡಸರನ್ನು ಪೆನ್ಸಕೋಲಾದ ಫೋರ್ಟ್ ಪಿಕೆನ್ಸ್‌ಗೆ, ಅವರ ಹೆಂಗಸರು ಮಕ್ಕಳನ್ನೂ ಮೀಸಲಿನಿಂದ ತಂದವರನ್ನೂ ನೂರಾರು ಮೈಲಿ ದೂರದ ಸೇಂಟ್ ಆಗಸ್ಟೀನ್‌ನ ಫೋರ್ಟ್ ಮೇರಿಯನ್‌ಗೆ ಕಳಿಸಿದರು. ಒಣ ಬೆಟ್ಟದ ಗಾಳಿಯಲ್ಲಿ ಬೆಳೆದವರು ಕಡಲ ತೀರದ ತೇವದಲ್ಲಿ, ಕಲ್ಲಿನ ಕೋಟೆಯೊಳಗೆ ಉಸಿರಾಡಬೇಕಾಯಿತು. ಮಕ್ಕಳನ್ನು ಪೆನ್ಸಿಲ್ವೇನಿಯಾದ ಕಾರ್ಲೈಲ್ ವಸತಿಶಾಲೆಗೆ ಒಯ್ದರು. ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು. ಅಲ್ಲಿ ಕ್ಷಯ ಹಿಡಿದು ಸತ್ತವರಲ್ಲಿ ಚಿರಿಕಾವಾ ಮಕ್ಕಳು ಬಹಳ. 1888ರ ಹೊತ್ತಿಗೆ ಎಲ್ಲರೂ ಅಲಬಾಮಾದ ಮೌಂಟ್ ವರ್ನನ್ ಶಿಬಿರದಲ್ಲಿ ಸೇರಿದರು. 1894ರಲ್ಲಿ ಓಕ್ಲಹೋಮಾದ ಫೋರ್ಟ್ ಸಿಲ್. ಆ ನಡುವೆ ಅವರ ಸಂಖ್ಯೆ ಕರಗುತ್ತಲೇ ಹೋಯಿತು.

ಫೋರ್ಟ್ ಸಿಲ್‌ನ ಜೆರಾನಿಮೋ ಕಲ್ಲಂಗಡಿ ಬೆಳೆದ, ದನ ಸಾಕಿದ, ಕ್ರೈಸ್ತ ಸಭೆಗೆ ಸೇರಿದ, ಜೂಜಾಡಿದ್ದಕ್ಕೆ ಅಲ್ಲಿಂದ ಹೊರಹಾಕಿಸಿಕೊಂಡ. ಅವನನ್ನು ನೋಡಲು ಜನ ಬರುತ್ತಿದ್ದರು. ಆಮೇಲೆ ಅವನನ್ನೇ ಜನರ ಬಳಿಗೆ ಒಯ್ಯತೊಡಗಿದರು. 1898ರಲ್ಲಿ ಒಮಾಹಾ ವಸ್ತುಪ್ರದರ್ಶನ, 1901ರಲ್ಲಿ ಬಫಲೋ, 1904ರಲ್ಲಿ ಸೇಂಟ್ ಲೂಯಿಯ ವಿಶ್ವಮೇಳ, ಪ್ರತಿ ಸಲವೂ ಕಾವಲುಗಾರರೊಂದಿಗೆ. ಸೇಂಟ್ ಲೂಯಿಯಲ್ಲಿ ತನ್ನ ಫೋಟೊಗಳನ್ನು 25 ಸೆಂಟಿಗೆ ಮಾರಿದೆ, ಅದರಲ್ಲಿ 10 ಸೆಂಟು ತನಗೆ ಉಳಿಯುತ್ತಿತ್ತು ಎಂದು ಅವನು ಲೆಕ್ಕ ಹೇಳಿದ್ದಾನೆ. ಹಸ್ತಾಕ್ಷರಕ್ಕೂ ದರ ಇತ್ತು. ಮೇಳದ ದೊಡ್ಡ ಚಕ್ರದಲ್ಲಿ ಕುಳಿತಾಗ ಗಾಬರಿಯಾಯಿತು, ಜೊತೆಯವರು ಧೈರ್ಯ ಹೇಳಿದರು ಎಂದೂ ಹೇಳಿದ್ದಾನೆ. ಅವನು ಅಲ್ಲಿ ಬರೀ ಪ್ರದರ್ಶನದ ವಸ್ತುವಾಗಿದ್ದ ಎಂದು ಮರುಗುವವರಿದ್ದಾರೆ. ನನಗೆ ಪೂರ್ತಿ ಹಾಗೆ ಕಾಣುವುದಿಲ್ಲ. ಎಪ್ಪತ್ತು ದಾಟಿದ ಕೈದಿ ಕಣ್ಣು ತೆರೆದು ಎಲ್ಲವನ್ನೂ ನೋಡುತ್ತಿದ್ದಾನೆ, ತನ್ನ ದುಡಿಮೆಯ ಹಣವನ್ನು ಎಣಿಸಿಕೊಳ್ಳುತ್ತಿದ್ದಾನೆ, ನೋಡಿದ್ದನ್ನು ನೆನಪಿಟ್ಟುಕೊಳ್ಳುತ್ತಿದ್ದಾನೆ.

1905ರ ಮಾರ್ಚ್ 4ರಂದು ಥಿಯೋಡೋರ್ ರೂಸ್‌ವೆಲ್ಟ್ ಅಧಿಕಾರ ಸ್ವೀಕಾರದ ಮೆರವಣಿಗೆಯಲ್ಲಿ, ಬೇರೆ ಐದು ಜನ ಮೂಲನಿವಾಸಿ ನಾಯಕರ ಜೊತೆ, ಅವನು ವಾಷಿಂಗ್ಟನ್ನಿನ ಬೀದಿಯಲ್ಲಿ ಕುದುರೆಯ ಮೇಲೆ ಸಾಗಿದ. ಕೆಲವು ದಿನಗಳ ನಂತರ ಅಧ್ಯಕ್ಷರನ್ನು ಕಂಡು ತನ್ನ ಜನರನ್ನು ಅರಿಝೋನಾಕ್ಕೆ ಮರಳಿ ಕಳಿಸಿ ಎಂದು ಬೇಡಿಕೊಂಡ. ಅಲ್ಲಿನ ಬಿಳಿಯರು ನಿಮ್ಮನ್ನು ಇನ್ನೂ ದ್ವೇಷಿಸುತ್ತಾರೆ, ಆಗುವುದಿಲ್ಲ ಎಂದರು ರೂಸ್‌ವೆಲ್ಟ್. ಮೆರವಣಿಗೆಗೆ ಬೇಕಾದವನು ಮನೆಗೆ ಹೋಗಲು ಬೇಡವಾದ.

ಅದೇ ಹೊತ್ತಿಗೆ ಆತ್ಮಕಥೆಯ ಕೆಲಸವೂ ಶುರುವಾಯಿತು. ಎಸ್.ಎಂ. ಬ್ಯಾರೆಟ್ ಎಂಬ ಶಿಕ್ಷಣಾಧಿಕಾರಿ ಬರೆದುಕೊಳ್ಳಲು ಬಯಸಿದಾಗ ಸೇನೆ ಅನುಮತಿ ಕೊಡಲಿಲ್ಲ. ರೂಸ್‌ವೆಲ್ಟ್‌ಗೆ ಪತ್ರ ಬರೆದು ಒಪ್ಪಿಗೆ ತರಬೇಕಾಯಿತು. ಮಧ್ಯೆ ದುಭಾಷಿಯಾಗಿ ಕುಳಿತವನು ಆಸಾ ಡಕ್ಲೂಗಿ. ಅವನು ಯಾರು ಗೊತ್ತೇ? ಚಿತ್ರದಲ್ಲಿ ಮೈಕಲ್ ಗ್ರೇಐಸ್ ಮಾಡಿದ ಜೂ ಪಾತ್ರ ನೆನಪಿದೆಯಲ್ಲ, ಆ ಜೂನ ಮಗ. ಕಾರ್ಲೈಲ್ ಶಾಲೆಯಲ್ಲಿ ಇಂಗ್ಲಿಷ್ ಕಲಿತವನು. ಯಾವ ಶಾಲೆ ಅಪಾಚೆ ಮಕ್ಕಳ ನಾಲಿಗೆಯಿಂದ ಅವರ ನುಡಿಯನ್ನು ಕಿತ್ತುಹಾಕಲು ಹೊರಟಿತ್ತೋ ಅಲ್ಲಿ ಕಲಿತ ಇಂಗ್ಲಿಷಿನಿಂದಲೇ ಅಪಾಚೆಯ ಅತಿ ಮುಖ್ಯ ಆತ್ಮಕಥೆ ಜಗತ್ತಿಗೆ ಸಿಕ್ಕಿತು. ಜೆರಾನಿಮೋ ಶೀಘ್ರಲಿಪಿಗಾರ ಬೇಡ ಎಂದ. ಹೇಳುವಾಗ ನಡುವೆ ಪ್ರಶ್ನೆ ಕೇಳುವುದು ಬೇಡ ಎಂದ. ಅಂದಂದು ತಾನು ಏನು ಹೇಳಬೇಕೆಂದು ಮೊದಲೇ ಯೋಚಿಸಿಕೊಂಡು ಬಂದು, ಅಷ್ಟನ್ನು ಹೇಳಿ, ಹೇಳಿದ್ದನ್ನು ಬರೆಯಿರಿ ಎಂದು ಎದ್ದುಹೋಗುತ್ತಿದ್ದ. 1906ರಲ್ಲಿ ಪುಸ್ತಕ ಬಂದಿತು, ಸೇನೆಯ ಆಕ್ಷೇಪಗಳಿಗಾಗಿ ಅಲ್ಲಲ್ಲಿ ಅಡಿಟಿಪ್ಪಣಿಗಳನ್ನು ಹೊತ್ತುಕೊಂಡು. ಅದರ ಕೊನೆಯ ಬೇಡಿಕೆಯೂ ಅದೇ: ನಮ್ಮ ನೆಲಕ್ಕೆ ನಮ್ಮನ್ನು ಕಳಿಸಿ.

1909ರ ಫೆಬ್ರವರಿಯಲ್ಲಿ ಲಾಟನ್ ಊರಿನಿಂದ ಮರಳುವಾಗ ಕುದುರೆಯಿಂದ ಬಿದ್ದು ರಾತ್ರಿಯೆಲ್ಲ ಚಳಿಯಲ್ಲಿ ನೆಲದ ಮೇಲಿದ್ದ. ನ್ಯುಮೋನಿಯಾ ಆಯಿತು. 17ರಂದು ತೀರಿಕೊಂಡ, ಯುದ್ಧಕೈದಿಯಾಗಿಯೇ. ಉಳಿದವರಿಗೆ ಬಿಡುಗಡೆಯಾಗಲು 1913 ಬರಬೇಕಾಯಿತು. ಒಟ್ಟು 27 ವರ್ಷ. ಆ 27 ವರ್ಷಗಳಲ್ಲಿ ಹುಟ್ಟಿದ ಪ್ರತಿ ಮಗುವೂ ಹುಟ್ಟುತ್ತಲೇ ಅಮೆರಿಕದ ಯುದ್ಧಕೈದಿ.

ಅವನ ಹೆಸರು ಮಾತ್ರ ಬಿಡುಗಡೆ ಕಾಣಲಿಲ್ಲ. 1939ರ ಚಿತ್ರವನ್ನು ನೋಡಿದ ಪ್ಯಾರಾಚೂಟ್ ಸೈನಿಕರು ಮರುವರ್ಷ ವಿಮಾನದಿಂದ ಜಿಗಿಯುವಾಗ ಆ ಹೆಸರನ್ನು ಕೂಗಿದರು, ಅದೇ ರೂಢಿಯಾಯಿತು. 2011ರಲ್ಲಿ ಒಸಾಮಾ ಬಿನ್ ಲಾಡೆನ್‌ನನ್ನು ಕೊಂದ ಕಾರ್ಯಾಚರಣೆಯಲ್ಲಿ ಅದೇ ಹೆಸರು ಸಂಕೇತಪದವಾಯಿತು. ಫೋರ್ಟ್ ಸಿಲ್ ಅಪಾಚೆಗಳ ಅಧ್ಯಕ್ಷರು ಒಬಾಮಾ ಅವರಿಗೆ ಪತ್ರ ಬರೆದು ನಮ್ಮ ಮಕ್ಕಳಿಗೆ ಇದು ನೋವು ಕೊಡುತ್ತದೆ ಎಂದು ಕ್ಷಮೆ ಕೇಳಲು ಹೇಳಿದರು. ನನಗೆ ಅವರ ಮಾತು ಪೂರ್ತಿ ಸರಿ ಎನ್ನಿಸುತ್ತದೆ.

ಸಂವಾದದಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ಶಿಕ್ಷಕಿ ಕೇಳಿದರು: “ಸರ್, ಅವನೂ ನಿರಪರಾಧಿಗಳನ್ನು ಕೊಂದಿದ್ದಾನಲ್ಲವೇ? ಅವನ ಜನರೆಲ್ಲರೂ ಅವನನ್ನು ಒಪ್ಪಿದ್ದರೇ?”

ಕೊಂದಿದ್ದಾನೆ, ಮೇಡಂ. ಅರಿಝೋನಾದ ರೈತರನ್ನು, ಸೊನೋರಾದ ಹಳ್ಳಿಯವರನ್ನು, ಹೆಂಗಸರು ಮಕ್ಕಳನ್ನೂ ಅವನ ಗುಂಪು ಕೊಂದಿದೆ. ಟಿವಿ ಚಿತ್ರ ಇಲ್ಲಿ ಮೆದುವಾಗುತ್ತದೆ. ಅದನ್ನು ನಾನು ಅದರ ಕೊರತೆ ಎಂದೇ ಎಣಿಸುತ್ತೇನೆ. ಅವನ ಜನರಲ್ಲಿಯೂ ಅವನ ಮೇಲೆ ಸಿಟ್ಟಿತ್ತು. 1882ರಲ್ಲಿ ಅವನೂ ಜೊತೆಗಾರರೂ ಸಾನ್ ಕಾರ್ಲೋಸ್‌ಗೆ ಬಂದು ಲೋಕೋ ಎಂಬ ಶಾಂತಿಪ್ರಿಯ ಮುಖ್ಯಸ್ಥನ ಪಂಗಡವನ್ನು ಬಂದೂಕು ತೋರಿಸಿ ಎಬ್ಬಿಸಿಕೊಂಡು ಹೋದರು. ದಾರಿಯಲ್ಲಿ ಆ ಪಂಗಡದ ಬಹಳ ಜನ ಸತ್ತರು. ಸೆರೆಯ ವರ್ಷಗಳಲ್ಲಿ ಇವನಿಂದಲೇ ನಮಗೆ ಈ ಗತಿ ಎಂದವರಿದ್ದರು. ಆದರೆ ಗತಿಯನ್ನು ತಂದವರು ಯಾರೆಂದು ಚಾಟೋನ ಕಥೆ ಹೇಳುತ್ತದೆ. ಚಾಟೋ ಸೇನೆಯ ನಂಬಿಗಸ್ತ ಸ್ಕೌಟ್, ಜೆರಾನಿಮೋನನ್ನು ಬೆನ್ನಟ್ಟಿದವನು. 1886ರ ಬೇಸಿಗೆಯಲ್ಲಿ ಅವನನ್ನು ವಾಷಿಂಗ್ಟನ್ನಿಗೆ ಕರೆಸಿ ಅಧ್ಯಕ್ಷರ ಪದಕ ಕೊಟ್ಟರು. ಮರಳುವ ದಾರಿಯಲ್ಲಿ ಕಾನ್ಸಾಸ್‌ನಲ್ಲಿ ತಡೆದು, ಅಲ್ಲಿಂದಲೇ ಫ್ಲೋರಿಡಾದ ಸೆರೆಗೆ ಕಳಿಸಿದರು. 1890ರ ಜನವರಿಯಲ್ಲಿ ಕ್ರೂಕ್ ಮೌಂಟ್ ವರ್ನನ್ ಶಿಬಿರಕ್ಕೆ ಬಂದಾಗ ಚಾಟೋ ಎದೆಯ ಮೇಲಿನ ಪದಕ ತೋರಿಸಿ, ಇದನ್ನು ಸೆರೆಮನೆಯಲ್ಲಿ ಧರಿಸಲು ಕೊಟ್ಟರೇ ಎಂದು ಕೇಳಿದ. ಜೆರಾನಿಮೋನೂ ಆ ದಿನ ಮಾತನಾಡಲು ಮುಂದೆ ಬಂದಿದ್ದ. ಕ್ರೂಕ್ ಅವನ ಮಾತು ಕೇಳಲು ಒಪ್ಪಲಿಲ್ಲ. ಕ್ರೂಕ್ ತನ್ನ ಸ್ಕೌಟ್‌ಗಳ ಬಿಡುಗಡೆಗಾಗಿ ವಾದಿಸುತ್ತಲೇ ಎರಡು ತಿಂಗಳಲ್ಲಿ ತೀರಿಕೊಂಡ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ: “ಈಗ ಹೊಸದಾಗಿ ಚಿತ್ರ ಮಾಡುವುದಾದರೆ ಎಲ್ಲಿಂದ ಶುರುಮಾಡಬೇಕು ಎನ್ನುತ್ತೀರಿ?”

ಚಾಟೋನ ರೈಲಿನಿಂದ ಎಂದೆ. ಪದಕ ಧರಿಸಿ ಮನೆಗೆ ಹೊರಟವನು ಇನ್ನೂ ಅರಿಯನು ತಾನು ಕೈದಿಯೆಂದು. ಅಲ್ಲಿಂದ ಶುರುಮಾಡಿ 1913ಕ್ಕೆ ಬರಬೇಕು, ಹೆಚ್ಚಿನವರು ನ್ಯೂ ಮೆಕ್ಸಿಕೋದ ಮೆಸ್ಕಲೇರೋ ಮೀಸಲಿಗೆ ಹೊರಟದ್ದನ್ನು, ಕೆಲವೇ ಕುಟುಂಬಗಳು ಓಕ್ಲಹೋಮಾದಲ್ಲೇ ಉಳಿದದ್ದನ್ನು ತೋರಿಸಬೇಕು. ಉಳಿದ ಕುಟುಂಬಗಳಲ್ಲಿ ಸ್ಯಾಮ್ ಹಾವೋಜಸ್ ಅವರದೂ ಒಂದು. 1914ರ ಜೂನ್‌ನಲ್ಲಿ ಆ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು, 1886ರ ನಂತರ ಆ ಕುಟುಂಬದಲ್ಲಿ ಸೆರೆಯ ಹೊರಗೆ ಹುಟ್ಟಿದ ಮೊದಲ ಮಗು. ಮುಂದೆ ಅವರು ಆ್ಯಲನ್ ಹೌಸರ್ ಎಂಬ ಹೆಸರಿನಲ್ಲಿ ಅಮೆರಿಕದ ದೊಡ್ಡ ಶಿಲ್ಪಿಗಳಲ್ಲೊಬ್ಬರಾದರು. ಬಾಣವನ್ನು ಆಕಾಶಕ್ಕೆ ಗುರಿಯಿಟ್ಟು ಮಳೆ ಬೇಡುವ ಅವರ ಅಪಾಚೆ ಯೋಧನ ಶಿಲ್ಪ 2009ರಿಂದ 2016ರವರೆಗೆ ಓಕ್ಲಹೋಮಾದ ವಾಹನಗಳ ನಂಬರ್ ಫಲಕದ ಮೇಲೂ ಅಚ್ಚಾಗುತ್ತಿತ್ತು. ಈ ಚಿತ್ರವನ್ನು ಬರೆಯಬಲ್ಲವರು, ಅಪಾಚೆ ನುಡಿಯಲ್ಲೇ ಮಾಡಬಲ್ಲವರು ಮೆಸ್ಕಲೇರೋದಲ್ಲಿ, ಓಕ್ಲಹೋಮಾದಲ್ಲಿ ಇದ್ದಾರೆ. ಹಣ ಹಾಕುವವರು ಅವರ ಬಾಗಿಲಿಗೆ ಹೋಗಬೇಕು, ಕಥೆಯ ಹಕ್ಕನ್ನು ಅವರ ಕೈಯಲ್ಲೇ ಬಿಡಬೇಕು.